ಕತ್ತಲೆ ಪಾಯಸ

ನಮ್ಮೂರಿನಲ್ಲಿ ದೋಸೆಗೆ ರುಬ್ಬಬೇಕಾದರೆ ಮೊದಲು ಅಕ್ಕಿ, ಉದ್ದು ನೆನೆಹಾಕಬೇಕು, ಆಮೇಲೆ ಯಾರನ್ನಾದರೂ ಮನೆಗೆ ಕರೆಯಬೇಕು. ಉದ್ದು ಸರಿಯಾಗಿ ನೆನೆಯದಿದ್ದರೆ ಹೇಗೋ ಸುಧಾರಿಸಿಕೊಳ್ಳಬಹುದು. ಹೊರಗಿನವರೊಬ್ಬರು ಮನೆಯೊಳಗೆ ಇಲ್ಲದಿದ್ದರೆ ಮಾತ್ರ ಗ್ರೈಂಡರು ತಿರುಗುವುದೇ ಇಲ್ಲ. ಗ್ರೈಂಡರೊಂದೇ ಅಲ್ಲ, ಬಲ್ಬು, ಫ್ಯಾನು, ಟಿ.ವಿ., ನೀರಿನ ಮೋಟರು, ಯಾವುದೂ ಅಲ್ಲಾಡುವುದಿಲ್ಲ. ಮನೆಯವರಷ್ಟೇ ಇರುವಾಗ ಇಲ್ಲಿ ಯಾರ ಮನೆಯಲ್ಲೂ ಕರೆಂಟು ಇರುವುದಿಲ್ಲ. ಹೊರಗಿನವರೊಬ್ಬರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹೊಸಿಲು ದಾಟಿದರೆ ಸಾಕು, ಬಂದುಬಿಡುತ್ತದೆ. ಅವರು ಎದ್ದು ಹೊರಟರೆ ಅದೂ ಅವರ ಹಿಂದೆಯೇ ಹೊರಟುಬಿಡುತ್ತದೆ.

ಹೀಗೇಕೆ ಎಂದು ಕೇಳಿಕೊಳ್ಳುವುದನ್ನು ಊರಿನವರು ಬಿಟ್ಟು ಬಹಳ ಕಾಲವಾಯಿತು. ಹಿಂದೊಮ್ಮೆ ದೊಡ್ಡ ಊರಿನಿಂದ ಎಂಜಿನಿಯರುಗಳು ಬಂದು ಮನೆಮನೆ ಹೊಕ್ಕು ಪರೀಕ್ಷೆ ಮಾಡಿದ್ದರಂತೆ. ಅವರು ಯಾವ ಮನೆಗೆ ಕಾಲಿಟ್ಟರೂ ಬಲ್ಬು ಝಗ್ಗೆಂದು ಹೊತ್ತಿಕೊಳ್ಳುತ್ತಿತ್ತು. "ಏನ್ರೀ, ಸುಮ್‌ಸುಮ್ನೆ ಕಂಪ್ಲೇಂಟ್ ಕೊಡ್ತೀರಲ್ಲ, ನಮ್ಮೂರಿಗಿಂತ ಇಲ್ಲೇ ಕರೆಂಟು ಚೆನ್ನಾಗಿದೆ" ಎಂದು ಎಲ್ಲರ ಮನೆಯ ಕಾಫಿಯನ್ನೂ ಕುಡಿದು ಹೊರಟುಹೋದರಂತೆ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಮನೆಗೊಂದು ಬಲ್ಬು, ಕೆಲವರ ಮನೆಯಲ್ಲೊಂದು ರೇಡಿಯೋ, ಅಷ್ಟೇ ಇದ್ದದ್ದು. ವಾರ್ತೆ ಕೇಳಬೇಕೆನಿಸಿದರೆ ಪಕ್ಕದ ಮನೆಯವರನ್ನು ಕರೆದು ಕೂರಿಸಿಕೊಂಡರಾಯಿತು. ಟಿ.ವಿ. ಬಂದಾಗ ಕರೆಯುವ ಅಗತ್ಯವೇ ಇರಲಿಲ್ಲ, ಇಡೀ ಬೀದಿ ತಾನಾಗಿಯೇ ಬಂದು ಕೂರುತ್ತಿತ್ತು. ಪೇಚಾಟ ಶುರುವಾದದ್ದು ಮಿಕ್ಸಿ ಬಂದ ಮೇಲೆ. ಒಂದು ಹಿಡಿ ಕಾಯಿತುರಿಗಾಗಿ ಇನ್ನೊಬ್ಬರ ಮನೆಯ ಹೆಂಗಸನ್ನು ಕೆಲಸ ಬಿಡಿಸಿ ಕರೆಯುವುದು ಹೇಗೆ? ಮೊದಲು ಸಂಕೋಚವಾಯಿತು, ಆಮೇಲೆ ಅದೇ ರೂಢಿಯಾಯಿತು. ನಮ್ಮ ಬೀದಿಯಲ್ಲಿ ಹೊತ್ತಿಗೂ ಬೇರೆಯೇ ಲೆಕ್ಕ. "ಜಯಶೀಲಾ, ಒಂದು ಚಟ್ನಿ ಹೊತ್ತು ಬಂದು ಹೋಗೇ" ಎಂದರೆ ಅವಳು ಪಕ್ಕದ ಮನೆಯಿಂದ ಬಂದು ನಿಂತೇ ಇರುತ್ತಾಳೆ. "ದೋಸೆಹಿಟ್ಟಿನ ಹೊತ್ತು" ಎಂದರೆ ಬಿಡಿಸಲು ಸೊಪ್ಪನ್ನೋ ಆರಿಸಲು ಅಕ್ಕಿಯನ್ನೋ ಮೊರದಲ್ಲಿ ಹಾಕಿಕೊಂಡು ಬರುತ್ತಾಳೆ. ಯಾರಿಗೂ ಪುರುಸೊತ್ತಿಲ್ಲದ ದಿನ ಪೋಸ್ಟ್‌ಮ್ಯಾನ್ ಕೆಲಸದಿಂದ ನಿವೃತ್ತರಾದ ಬೋರಯ್ಯನವರಿದ್ದಾರೆ. ಕಾಗದ ಹಂಚುತ್ತಿದ್ದ ದಾರಿಯಲ್ಲೇ ಈಗಲೂ ಒಂದು ಸುತ್ತು ಬಂದು, ಕರೆದವರ ಮನೆಯಲ್ಲಿ ಕೂತು, ಕಾಫಿ ಕುಡಿದು ಏಳುತ್ತಾರೆ.

ಫ್ರಿಜ್ಜು ಮಾತ್ರ ನಮಗೆ ಒಗ್ಗಲಿಲ್ಲ. ಅದು ತಣ್ಣಗಾಗಬೇಕಾದರೆ ನೆಂಟರು ಎರಡು ದಿನ ಉಳಿಯಬೇಕು. ಹಾಗಾಗಿ ನಮ್ಮೂರಿನಲ್ಲಿ ಫ್ರಿಜ್ಜು ಎಂದರೆ ಹಪ್ಪಳದ ಡಬ್ಬ, ಉಪ್ಪಿನಕಾಯಿ ಜಾಡಿ ಇಡುವ ಬೀರು. ಇನ್ನು ಮೊಬೈಲು ಬಂತು. ಗಂಡಸರೆಲ್ಲ ಕರ್ಚೀಫಿನ ಜೊತೆ ಚಾರ್ಜರನ್ನೂ ಜೇಬಿನಲ್ಲಿಟ್ಟುಕೊಂಡು ಒಬ್ಬರ ಮನೆಗೊಬ್ಬರು ಹೋಗತೊಡಗಿದರು. ವಿಡಿಯೋ ಕಾಲು ಬಂದಾಗ ನಮ್ಮ ಯಜಮಾನರಿಗೆ ಒಂದು ಉಪಾಯ ಹೊಳೆಯಿತು. ಮೈದುನನಿಗೆ ಕಾಲು ಮಾಡಿ ಮೊಬೈಲನ್ನು ನಡುಮನೆಯ ಕುರ್ಚಿಯ ಮೇಲೆ ನೆಟ್ಟಗೆ ಕೂರಿಸಿ ಬಲ್ಬಿನ ಕಡೆ ನೋಡುತ್ತ ನಿಂತರು. ಬಲ್ಬು ಹೊತ್ತಲಿಲ್ಲ. ಮೊಬೈಲಿನಲ್ಲಿ ಮುಖ ಬಂದರೆ ಸಾಲದು, ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಇದಕ್ಕೂ ಮುಂಚೆ ಅವರು ಎದುರುಮನೆಯ ಹಸುವನ್ನು ಪಡಸಾಲೆಯವರೆಗೆ ಹೊಡೆದುಕೊಂಡು ಬಂದು ನೋಡಿದ್ದೂ ಉಂಟು. ಆ ಸಗಣಿ ತೆಗೆದವಳು ನಾನು, ಆ ವಿಷಯ ಹೆಚ್ಚು ಬೇಡ.

ಈಗೀಗ ಬಂದು ಕೂತವರು ಅವರ ಮೊಬೈಲು ಅವರು, ನಮ್ಮ ಮೊಬೈಲು ನಾವು ನೋಡುತ್ತ ಕೂರುವುದು ಹೆಚ್ಚಾಗಿದೆ. ಬಲ್ಬು ಅದನ್ನೆಲ್ಲ ವಿಚಾರಿಸುವುದಿಲ್ಲ, ಬಂದರಾಯಿತು, ಉರಿಯುತ್ತದೆ. ಆದರೂ ನಡುವೆ ಯಾರಾದರೂ "ಇದ್ನೋಡು ಪಂಕಜಕ್ಕ" ಎಂದು ಮೊಬೈಲು ಈ ಕಡೆ ಚಾಚಿ ಬೆಕ್ಕು ಕುಣಿಯುವುದನ್ನು ತೋರಿಸುತ್ತಾರೆ. ಅಲ್ಲಿಂದ ಮಾತು ಶುರುವಾಗಿ ಚಟ್ನಿ ಹೊತ್ತು ಅನ್ನುವುದು ಊಟದ ಹೊತ್ತಾಗಿಬಿಡುತ್ತದೆ.

ಬ್ಯಾಟರಿ ಇಟ್ಟುಕೊಳ್ಳಬಹುದಲ್ಲ ಎಂದು ಹೊರಗಿನವರು ಕೇಳುತ್ತಾರೆ. ಕರೆಂಟು ಇದ್ದಾಗ ತುಂಬಿಸಿಕೊಂಡು ಇಲ್ಲದಾಗ ಕೊಡುವ ಪೆಟ್ಟಿಗೆಗಳು ಬೇರೆ ಊರುಗಳಲ್ಲಿ ಮನೆಮನೆಯಲ್ಲೂ ಇವೆಯಂತೆ. ನಮ್ಮಲ್ಲಿ ಅದು ನಾಚಿಕೆಯ ಸಂಗತಿ. "ಅವ್ರ ಮನೇಲಿ ಬ್ಯಾಟರಿ ಇಟ್ಕೊಂಡವ್ರೆ" ಎಂದರೆ ಆ ಮನೆಗೆ ಯಾರೂ ಹೋಗುವುದಿಲ್ಲ, ಅವರಿಗೆ ಯಾರೂ ಬೇಕಿಲ್ಲ ಎಂದು ಅರ್ಥ. ಜಯಶೀಲಳಿಗೆ ಯಾರ ಮೇಲಾದರೂ ಕೋಪ ಬಂದರೆ ಕೊನೆಯ ಬೈಗುಳವಾಗಿ ಬಳಸುವುದು ಅದನ್ನೇ.

ಈಗ ಹೇಳಬೇಕಾದದ್ದು ಸೊಸೆಯರ ವಿಷಯ. ಮದುವೆಯಾಗಿ ಬಂದ ಹುಡುಗಿ ಮನೆಗೆ ಹೊರಗಿನವಳು ತಾನೆ? ಹಾಗಾಗಿ ಅವಳು ಹೊಸಿಲು ದಾಟಿದ ಗಳಿಗೆಯಿಂದ ಆ ಮನೆಯಲ್ಲಿ ಕರೆಂಟು ಹೋಗುವುದೇ ಇಲ್ಲ. ಹಗಲೂ ರಾತ್ರಿ ಹಬ್ಬ. ಆಮೇಲೆ ಒಂದು ದಿನ, ತಿಂಗಳಿಗೋ ಮೂರು ತಿಂಗಳಿಗೋ, ಅವಳು ಮನೆಯಲ್ಲಿ ಇರುವಂತೆಯೇ ಫಕ್ಕನೆ ದೀಪ ಆರುತ್ತದೆ. ಅವಳು ಮನೆಯವಳಾದಳು ಎಂದು ಅರ್ಥ. ಆ ದಿನ ಕತ್ತಲಲ್ಲೇ ಪಾಯಸ ಮಾಡಿ ಬೀದಿಗೆಲ್ಲ ಕೊಡುತ್ತೇವೆ. ಕತ್ತಲೆ ಪಾಯಸ ಕುಡಿಯಲು ಬಂದವರು ಹೊಸಿಲ ಹೊರಗೇ ನಿಲ್ಲಬೇಕು. ಯಾರಾದರೂ ಮರೆತು ಒಳಗೆ ಕಾಲಿಟ್ಟು ದೀಪ ಹೊತ್ತಿಸಿಬಿಟ್ಟರೆ ಎಲ್ಲರೂ ಸೇರಿ ಗದರಿಸುತ್ತಾರೆ. ಇನ್ನೊಂದು ಕಟ್ಟುಪಾಡು ಇದೆ. ಪಾಯಸದ ಮಾತನ್ನು ಸೊಸೆಯ ಕಿವಿಗೆ ಬೀಳುವಂತೆ ಆಡಬಾರದು. ಕಾಯುತ್ತಿದ್ದಾರೆ ಎಂದು ತಿಳಿದರೆ ಆ ಹುಡುಗಿಗೆ ಉಸಿರು ಕಟ್ಟುವುದಿಲ್ಲವೇ? ಅದಾಗಿಯೇ ಆಗಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬಂದಾಗ ದೀಪ ಹೊತ್ತದಿದ್ದರೂ ನಮಗೆ ಅಷ್ಟೇ ಸಂತೋಷ. ಕತ್ತಲಲ್ಲಿ ಎಡವುತ್ತಾ ಬಂದು ತಬ್ಬಿಕೊಳ್ಳುತ್ತೇವೆ.

ನನ್ನ ದೀಪ ಆರಿದ್ದು ನನಗೆ ಚೆನ್ನಾಗಿ ನೆನಪಿದೆ. ಬಂದ ಹೊಸತು, ಅತ್ತೆಯವರ ಎದುರು ತಲೆ ಎತ್ತುತ್ತಿರಲಿಲ್ಲ. ಒಂದು ದಿನ ಹುಳಿಗೆ ನಾನು ಉಪ್ಪು ಹಾಕಿ ಆಗಿತ್ತು, ಅವರು ಮತ್ತೆ ಹಾಕಲು ಬಂದರು. "ಹಾಕಾಯ್ತು" ಎಂದೆ. ಕೇಳಿಸಲಿಲ್ಲವೇನೋ, ಕೈ ಡಬ್ಬಿಗೆ ಹೋಯಿತು. "ಹಾಕಾಯ್ತು ಅಂದ್ನಲ್ಲ, ಎಷ್ಟು ಸಲ ಹೇಳೋದು ನಿಮಗೆ!" ಎಂದು ಕಿರುಚಿಬಿಟ್ಟೆ. ಆ ಕೂಗಿಗೇ ಎಂಬಂತೆ ಬಲ್ಬು ಆರಿತು. ನಾನು ಸೌಟು ಹಿಡಿದು ನಿಂತಿದ್ದರೆ ಅತ್ತೆ ಕತ್ತಲಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಅಂತೂ ಬಾಯಿ ಬಂತಲ್ಲ, ಬೆಲ್ಲದ ಡಬ್ಬ ಎಲ್ಲಿದೆ ನೋಡು" ಎಂದರು.

ಹೋದ ವರ್ಷ ಮಾವಿನಕಾಯಿ ಕಾಲದಲ್ಲಿ ನಮ್ಮ ಮಗ ಮಾದೇಶನ ಮದುವೆಯಾಯಿತು. ಅವನು ಪಶು ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರು, ಬೆಳಗಾದರೆ ಬೈಕು ಹತ್ತಿ ಹಳ್ಳಿಗಳ ದನಕರು ನೋಡಲು ಹೊರಟರೆ ಬರುವುದು ಸಂಜೆಗೇ. ಸೊಸೆ ಇಂಚರ ದೂರದ ಊರಿನವಳು, ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವಳು. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಎಲ್ಲೆಲ್ಲಿಯದೋ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ಬಂದ ವಾರದಲ್ಲೇ ನನ್ನ ಹಳೆಯ ಮಿಕ್ಸಿ ಬಿಚ್ಚಿ ಸರಿಮಾಡಿದಳು. ಮಾತು ಮೆಲ್ಲಗೆ, ನಡಿಗೆ ಮೆಲ್ಲಗೆ. ಏನು ಕೇಳಿದರೂ "ಪರವಾಗಿಲ್ಲ ಅತ್ತೆ."

ಅವಳು ಬಂದದ್ದೇ ಬಂದದ್ದು, ಮನೆ ಜಾತ್ರೆಯಾಯಿತು. ನಮ್ಮ ಯಜಮಾನರು ಬಸ್ ಕಂಡಕ್ಟರಾಗಿ ಊರೂರು ಸುತ್ತಿದವರು, ನಿವೃತ್ತರಾದ ಮೇಲೆ ಅವರಿಗೆ ಸಂಜೆಯ ಸೀರಿಯಲ್ಲೇ ಸರ್ವಸ್ವ. ಮುಂಚೆ ಬೋರಯ್ಯನವರು ಕೆಮ್ಮುತ್ತ ಎದ್ದುಹೋದರೆ ಸೀರಿಯಲ್ಲಿನ ಅತ್ತೆ ಅರ್ಧ ಮಾತಿನಲ್ಲೇ ಮಾಯವಾಗುತ್ತಿದ್ದಳು. ಈಗ ಪೂರ್ತಿ ನೋಡತೊಡಗಿದರು. ಫ್ರಿಜ್ಜಿನಿಂದ ಹಪ್ಪಳದ ಡಬ್ಬ ಈಚೆ ಬಂದು ಮೊದಲ ಸಲ ಅದರಲ್ಲಿ ಐಸು ಕಟ್ಟಿತು. ಯಜಮಾನರು ಐಸಿನ ತಟ್ಟೆ ಹಿಡಿದು ಬೀದಿಯಲ್ಲಿ ನಿಂತು, ಹಿಂದೆ ಟಿಕೆಟು ಹರಿದು ಕೊಡುತ್ತಿದ್ದ ಗತ್ತಿನಲ್ಲೇ ಮಕ್ಕಳಿಗೆಲ್ಲ ಒಂದೊಂದು ತುಂಡು ಹಂಚಿದರು.

ನಾನೂ ಕಡಿಮೆಯೇನಲ್ಲ. ಬೇಕೆಂದಾಗ ರುಬ್ಬುವ ಸುಖ ನನಗೆ ಹೊಸದು. "ಎಲ್ಲಾ ನಮ್ಮ ಸೊಸೆ ಕಾಲ್ಗುಣ" ಎಂದು ದಿನಕ್ಕೆ ಒಂದು ಸಲವಾದರೂ ಅವಳ ಎದುರಿಗೇ ಹೇಳುತ್ತಿದ್ದೆ. ಹುಡುಗಿ ಖುಷಿಯಾಗಿರಲಿ, ಬೇಗ ಹೊಂದಿಕೊಳ್ಳಲಿ ಎಂಬುದು ನನ್ನ ಆಸೆ. ಒಳಗೊಳಗೆ ಮಾತ್ರ ಬಲ್ಬಿನ ಕಡೆ ನೋಡುತ್ತಿದ್ದೆ. ಪಾಯಸಕ್ಕೆಂದು ಶಾವಿಗೆ, ಏಲಕ್ಕಿ, ದ್ರಾಕ್ಷಿ ಮೊದಲೇ ತಂದು ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ.

ಮಳೆಗಾಲ ಹೋಯಿತು, ದೀಪಾವಳಿ ಹೋಯಿತು. ದೀಪ ಉರಿಯುತ್ತಲೇ ಇತ್ತು. ನಾನು ನನ್ನ ಅನುಭವದ ದಾರಿ ಹಿಡಿದೆ. ಅವಳು ಉಪ್ಪು ಹಾಕಿದ ಸಾರಿಗೆ ಅವಳೆದುರೇ ಇನ್ನೊಮ್ಮೆ ಉಪ್ಪು ಹಾಕಿದೆ. ಗದರಲಿ, ಒಂದು ಸಲವಾದರೂ ನನ್ನ ಮೇಲೆ ರೇಗಲಿ ಎಂದು. ಅವಳು ಆ ಸಾರನ್ನು ಅನ್ನದಲ್ಲಿ ಕಲಸಿ ಉಂಡು, ಎರಡು ಲೋಟ ನೀರು ಕುಡಿದು, "ಪರವಾಗಿಲ್ಲ ಅತ್ತೆ" ಎಂದಳು. ಇನ್ನೊಂದು ದಿನ ಅವಳ ಇಷ್ಟದ ಕಾಫಿ ಲೋಟ ಕೈಜಾರಿದಂತೆ ಮಾಡಿ ಒಡೆದೆ. "ಪರವಾಗಿಲ್ಲ, ನಿಮಗೆ ತಾಗ್ಲಿಲ್ಲ ತಾನೆ?" ಎಂದು ನನ್ನ ಕಾಲು ನೋಡಿದಳು. ಅವಳು ಮಡಿಸಿಟ್ಟ ಬಟ್ಟೆಯನ್ನೆಲ್ಲ ತೆಗೆದು ಬೇರೆ ಥರ ಮಡಿಸಿದೆ. "ಹೀಗೇ ಚೆನ್ನಾಗಿದೆ, ನಂಗೂ ಹೇಳ್ಕೊಡಿ" ಎಂದು ಪಕ್ಕದಲ್ಲಿ ಕೂತಳು. ಇಷ್ಟು ಒಳ್ಳೆಯ ಹುಡುಗಿಯನ್ನು ಕಟ್ಟಿಕೊಂಡು ಏನು ಮಾಡುವುದು?

ಈ ನಡುವೆಯೇ, ಅವರೆಕಾಯಿ ಕಾಲ ಮುಗಿಯುವ ಹೊತ್ತಿಗೆ, ಒಂದಿಷ್ಟು ಬದಲಾವಣೆಗಳಾದವು. ಸಂಜೆ ಬೀದಿಯ ಮಕ್ಕಳನ್ನೆಲ್ಲ ಕರೆದು ಇಂಚರ ನಡುಮನೆಯಲ್ಲಿ ಪುಕ್ಕಟೆ ಪಾಠ ಶುರುಮಾಡಿದಳು. ನಾನು, ಯಜಮಾನರು, ಮಾದೇಶ ನೆಂಟರ ಮದುವೆಗೆ ಹೋಗಿ ಬರುವಷ್ಟರಲ್ಲಿ ಅವಳ ಮೇಜಿನ ಪಕ್ಕದ ಮೂಲೆಯಲ್ಲಿ ಒಂದು ಪೆಟ್ಟಿಗೆ ಬಂದು ಕೂತಿತ್ತು, ಮೇಲೆ ನನ್ನ ಹಳೆಯ ಸೀರೆಯ ಹೊದಿಕೆ. "ಕಂಪ್ಯೂಟರಿಂದು ಅತ್ತೆ" ಎಂದಳು. ಅವಳ ಸಾಮಾನಿನ ವಿಷಯ ನನಗೇನು ತಿಳಿಯುತ್ತದೆ, ಧೂಳು ಒರೆಸಿಕೊಂಡಿದ್ದೆ. ಅದೇ ದಿನಗಳಲ್ಲಿ ಫ್ರಿಜ್ಜೂ ಕೆಟ್ಟಿತು. ಅದರ ಹಿಂಭಾಗ ಬಿಚ್ಚಿ ಇಣುಕಿ ನೋಡಿದವಳು, "ಗ್ಯಾಸ್ ಹೋಗಿದೆ ಮಾವ, ಸದ್ಯಕ್ಕೆ ಬೇಡ" ಎಂದು ಪ್ಲಗ್ಗು ಕಿತ್ತಿಟ್ಟಳು. ಯಜಮಾನರು ಖಾಲಿ ಐಸಿನ ತಟ್ಟೆಯನ್ನು ಎರಡು ದಿನ ಕೈಯಲ್ಲಿ ಹಿಡಿದು ಓಡಾಡಿದರು. ಹಪ್ಪಳದ ಡಬ್ಬ ಮತ್ತೆ ಒಳಗೆ ಹೋಯಿತು.

ಇನ್ನೊಂದು ಬದಲಾವಣೆ ಮೆಲ್ಲಮೆಲ್ಲಗೆ ಆದದ್ದು. ನಮ್ಮ ಮನೆಗೆ ಕೂರಲು ಬರುವವರು ಕಡಿಮೆಯಾದರು. ರುಬ್ಬಲಿಕ್ಕಿದ್ದರೆ ಪಾತ್ರೆ ತಂದು ಜಗಲಿಯ ಮೇಲಿಟ್ಟು, "ನಿಮ್ಮನೇಲಿ ಹೆಂಗೂ ಯಾವಾಗ್ಲೂ ಕರೆಂಟು, ಇದನ್ನೊಂದು ತಿರುವಿಡಿ" ಎಂದು ಹೊರಗಿನಿಂದಲೇ ಕೂಗಿ ಹೋಗುತ್ತಿದ್ದರು. ನನ್ನನ್ನೂ ಯಾರೂ ಕರೆಯುತ್ತಿರಲಿಲ್ಲ. ಉರಿಯುವ ಬಲ್ಬಿನ ಕೆಳಗೆ ಒಬ್ಬಳೇ ಸೊಪ್ಪು ಬಿಡಿಸುತ್ತ, ಚಟ್ನಿಯೊಂದನ್ನು ಅರೆಯುವಷ್ಟು ಹೊತ್ತಿಗೆ ಮುಂಚೆ ಎಷ್ಟು ಸುದ್ದಿ ಸಿಗುತ್ತಿತ್ತು ಎಂದು ಯೋಚಿಸುತ್ತಿದ್ದೆ.

ಜಯಶೀಲ ಸುಮ್ಮನಿರುವವಳೇ? ಬಾವಿಕಟ್ಟೆಯ ಹತ್ತಿರ ಹಿಡಿದುಕೊಂಡಳು. "ಏನ್ ಪಂಕಜಕ್ಕ, ವರ್ಷ ತುಂಬ್ತಾ ಬಂತು, ಇನ್ನೂ ಝಗಝಗ ಅಂತೈತಲ್ಲ ಮನೆ? ಶಾವಿಗೆ ಹುಳ ಹಿಡೀತೋ ಏನೋ."

"ನಮ್ಮನೆ ಶಾವಿಗೆ ಯೋಚನೆ ನಿಂಗ್ಯಾಕೆ?"

"ನಂಗ್ಯಾಕಾ? ಪಾಯಸ ಕುಡಿಯೋಳು ನಾನಲ್ವಾ! ಅಲ್ಲ, ಹುಡುಗಿ ಮನಸಲ್ಲಿ ಏನೈತೆ ಅಂತ ಕೇಳ್ಬಾರ್ದಾ?"

"ಕೇಳೋ ಹಾಗಿದ್ರೆ ನೀನ್ಯಾಕೆ ನಿನ್ನ ಸೊಸೇನ ಕೇಳ್ಲಿಲ್ಲ?"

ಅವಳು ಕೊಡ ಎತ್ತಿಕೊಂಡು ಹೊರಟಳು. ಆದರೆ ಅವಳ ಮಾತು ನನ್ನೊಳಗೆ ಕೂತುಬಿಟ್ಟಿತು. ಅಷ್ಟು ನಗುನಗುತ್ತಾ ಇರುವ ಹುಡುಗಿಗೆ ಇದು ತನ್ನ ಮನೆ ಎಂದು ಅನಿಸಲೇ ಇಲ್ಲವೇ? ನಾನು ಎಲ್ಲಿ ಕಡಿಮೆ ಮಾಡಿದೆ? ರಾಗಿ ಬೀಸುವಾಗ, ಪಾತ್ರೆ ತೊಳೆಯುವಾಗ ಇದೇ ಯೋಚನೆ. ಮಾದೇಶನ ಹತ್ತಿರ ಮೆಲ್ಲಗೆ ಪ್ರಸ್ತಾಪಿಸಿದರೆ, "ಅವಳು ಆರಾಮಾಗೇ ಇದ್ದಾಳಲ್ಲಮ್ಮ" ಎಂದು ಮೊಬೈಲು ನೋಡುತ್ತ ಹೋದ. ಯಜಮಾನರಂತೂ, "ಆರೋದು ಆರುತ್ತೆ ಬಿಡೇ, ಸೀರಿಯಲ್ಲು ಮುಗೀಲಿ. ಇನ್ನೇನು ಆ ಅವಳಿ ಮಕ್ಕಳು ಒಂದಾಗೋ ಟೈಮು" ಎಂದರು.

ಬೇಸಿಗೆ ರಜ ಬಂತು. ಪಾಠಕ್ಕೆ ಬರುತ್ತಿದ್ದ ಮಕ್ಕಳೆಲ್ಲ ಅಜ್ಜಿಯ ಊರುಗಳಿಗೆ ಹೋದರು. ಮನೆ ಭಣಭಣ ಎನ್ನುತ್ತಿತ್ತು. ಇಂಚರಳ ಮುಖದಲ್ಲೂ ಏನೋ ಕಳವಳ. ಬೋರಯ್ಯನವರು ಬೀದಿಯಲ್ಲಿ ಕಂಡರೆ ಸಾಕು, ಓಡಿಹೋಗಿ "ಬನ್ನಿ ತಾತ, ಕಾಫಿ ಕುಡ್ಕೊಂಡು ಹೋಗಿ" ಎಂದು ಕರೆಯುತ್ತಿದ್ದಳು. "ನಿಮ್ಮನೇಲಿ ನನಗೇನು ಕೆಲಸವಮ್ಮ" ಎಂದು ಅವರು ನಗುತ್ತ ಮುಂದೆ ಹೋಗುತ್ತಿದ್ದರು.

ಆ ವಾರ ಜಯಶೀಲಳ ತಂಗಿಯ ಮನೆಯವರೆಲ್ಲ ಬರುವವರಿದ್ದರು. ಅವಳು ಎರಡು ದೊಡ್ಡ ಪಾತ್ರೆಗಳಲ್ಲಿ ನೆನೆದ ಅಕ್ಕಿ, ಉದ್ದು ತಂದು ಜಗಲಿಯ ಮೇಲಿಟ್ಟು, "ಪಂಕಜಕ್ಕಾ, ನುಣ್ಣಗೆ ಇರ್ಲಿ" ಎಂದು ಕೂಗಿ ಹೋದಳು. ಮಧ್ಯಾಹ್ನ ಮನೆಯಲ್ಲಿ ನಾನು, ಇಂಚರ ಇಬ್ಬರೇ. ಪಾತ್ರೆಗಳನ್ನು ನೋಡಿ ಅವಳ ಮುಖ ಸಣ್ಣಗಾಯಿತು.

"ಅಷ್ಟೂ ಇವತ್ತೇ ರುಬ್ಬಬೇಕಾ ಅತ್ತೆ? ಜಯಶೀಲತ್ತೆನ ಬಂದು ಕೂರೋಕೆ ಹೇಳಿದ್ರೆ..."

"ಅವಳ್ಯಾಕೆ? ನೀನಿದ್ದೀಯಲ್ಲ ನಮ್ಮ ಕಾಲ್ಗುಣದ ಲಕ್ಷ್ಮಿ" ಎಂದು ಉದ್ದು ಸುರಿದು ಸ್ವಿಚ್ಚು ಹಾಕಿದೆ.

ಗ್ರೈಂಡರು ತಿರುಗಿತು. ಉದ್ದು ಉಬ್ಬಿ ಬೆಣ್ಣೆಯಂತೆ ಮೇಲೆ ಬಂತು. ಅದನ್ನು ತೋಡಿ ಅಕ್ಕಿ ಹಾಕಿದೆ. ಇಂಚರ ಅಡುಗೆಮನೆಗೂ ತನ್ನ ಮೇಜಿಗೂ ನಡುವೆ ಓಡಾಡುತ್ತಿದ್ದಳು. ಅಕ್ಕಿ ಇನ್ನೂ ಅರ್ಧ ತರಿಯಾಗಿದ್ದಾಗ ನಡುಮನೆಯ ಮೂಲೆಯಿಂದ ಕೀಂ ಕೀಂ ಎಂದು ಮರಿಹಕ್ಕಿ ಅರಚಿದಂಥ ಸದ್ದು ಬಂತು. ಗ್ರೈಂಡರಿನ ಕಲ್ಲು ನಿಧಾನವಾಯಿತು, ನರಳಿತು, ನಿಂತಿತು. ಫ್ಯಾನಿನ ರೆಕ್ಕೆಗಳು ಒಂದೊಂದಾಗಿ ಕಾಣಿಸತೊಡಗಿದವು. ತಲೆಯ ಮೇಲಿನ ಬಲ್ಬು ಆರಿತ್ತು.

ನಾನು ತಲೆಯೆತ್ತಿ ಬಲ್ಬನ್ನೇ ನೋಡಿದೆ. ಆಮೇಲೆ ಅಕ್ಕಿಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ. "ಹೋಯ್ತು! ಇಂಚರಾ, ಹೋಯ್ತು ಕಣೇ!" ಎಂದು ನಡುಮನೆಗೆ ಓಡಿದರೆ ಹುಡುಗಿ ಆ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತು ಅಳುತ್ತಿದ್ದಾಳೆ. ನನ್ನ ಹಳೆಯ ಸೀರೆ ಪಕ್ಕಕ್ಕೆ ಬಿದ್ದಿತ್ತು. ಪೆಟ್ಟಿಗೆಯ ಮೇಲೆ ಒಂದು ಕೆಂಪು ದೀಪ ಮಿಣಮಿಣ ಎನ್ನುತ್ತಿತ್ತು.

"ತಪ್ಪಾಯ್ತು ಅತ್ತೆ. ಮಕ್ಕಳು ಬರ್ತಾ ಇದ್ದಿದ್ರೆ ಚಾರ್ಜ್ ಆಗಿರೋದು. ಯಾರೂ ಬರ್ಲಿಲ್ಲ. ಒಂದ್ ಸ್ವಲ್ಪ ಹೊತ್ತು ಕೊಡಿ, ಯಾರನ್ನಾದ್ರೂ ಕರ್ಕೊಂಡು ಬಂದು ಸರಿಮಾಡ್ತೀನಿ. ಮಾವ ಬರೋಷ್ಟ್ರಲ್ಲಿ ಸರಿಹೋಗುತ್ತೆ."

"ಏನಿದು?"

"ಬ್ಯಾಟರಿ."

ನಾನು ಅವಳ ಪಕ್ಕದಲ್ಲೇ ಕೂತೆ. "ಹಾಗಾದ್ರೆ ನಮ್ಮನೆ ಕರೆಂಟು ಹೋಗಿದ್ದು..."

"ಅವರೆಕಾಯಿ ಕಾಲದಲ್ಲೇ ಹೋಯ್ತು ಅತ್ತೆ" ಎಂದು ಮೂಗು ಒರೆಸಿಕೊಂಡಳು. "ಒಂದಿನ ಮಧ್ಯಾಹ್ನ ನೀವು ಅವರೆಕಾಳು ಹಿಸುಕ್ತಾ ಹಿಸುಕ್ತಾ ಗೋಡೆಗೆ ಒರಗಿ ನಿದ್ದೆ ಹೋಗಿದ್ರಿ. ನಂಗೆ ಕ್ಲಾಸ್ ನಡೀತಿತ್ತು. ನೀವು ಗೊರಕೆ ಹೊಡೀತಿದ್ದದ್ದು ಮಕ್ಕಳಿಗೆ ಕೇಳಿಸ್ತು. 'ಮಿಸ್, ಅದೇನ್ ಸೌಂಡು' ಅಂತ ನಗೋಕೆ ಶುರುಮಾಡಿದ್ರು. 'ನಮ್ಮಮ್ಮ ಮಲಗಿದಾರೆ, ಮೆಲ್ಲಗೆ ಮಾತಾಡಿ' ಅಂದೆ. ಹೇಳಿ ಬಾಯಿ ಮುಚ್ಚಿಲ್ಲ, ಫ್ಯಾನ್ ನಿಂತ್ಹೋಯ್ತು. ಆವತ್ತು ಸಂಜೆನೇ ನೀವೆಲ್ಲ ಮದುವೆಗೆ ಹೊರಟ್ರಿ, ಅಲ್ಲೀವರೆಗೆ ಬೀದಿ ಮಕ್ಕಳನ್ನ ಕರೆದು ಕೂರಿಸ್ಕೊಂಡಿದ್ದೆ."

ನನ್ನ ಕೈಯ ಹಿಟ್ಟು ಒಣಗತೊಡಗಿತ್ತು. ಅದೇ ಕೈಯಲ್ಲಿ ಅವಳ ಕೆನ್ನೆ ಒರೆಸಿದೆ. ಎಷ್ಟು ತಿಂಗಳು! ನಾನು ಬಲ್ಬಿನ ಕಡೆ ನೋಡಿ ನೋಡಿ ಕೊರಗುತ್ತಿದ್ದಾಗ ಅದು ಬ್ಯಾಟರಿಯಿಂದ ಉರಿಯುತ್ತಿತ್ತು. ಈ ಹುಡುಗಿ ಆಗಲೇ ನನ್ನವಳಾಗಿ ನನ್ನ ಪಕ್ಕದಲ್ಲೇ ಕೂತು ಬಟ್ಟೆ ಮಡಿಸುತ್ತಿದ್ದಳು.

"ಮತ್ಯಾಕೆ ಮುಚ್ಚಿಟ್ಟೆ ಮಗಳೇ?"

"ಇನ್ನೇನ್ಮಾಡ್ಲಿ? ನಾನು ಬಂದಾಗಿಂದ ಎಲ್ರೂ ಖುಷಿಯಾಗಿದ್ದದ್ದು ಕರೆಂಟಿಗೇ ಅಲ್ವಾ? ಮಾವ ಐಸ್ ಹಂಚ್ತಿದ್ರು. ನೀವು ದಿನಾ ಗ್ರೈಂಡರ್ ಹಾಕುವಾಗ 'ಸೊಸೆ ಕಾಲ್ಗುಣ, ಸೊಸೆ ಕಾಲ್ಗುಣ' ಅಂತಿದ್ರಿ. ಅದೇ ಹೋದ್ಮೇಲೆ ನಾನೇನು ತಂದುಕೊಟ್ಟ ಹಾಗಾಯ್ತು ಈ ಮನೆಗೆ? ಅದಕ್ಕೇ ಇದನ್ನ ತರಿಸ್ದೆ. ಫ್ರಿಜ್ಜಿನ ಭಾರ ಮಾತ್ರ ತಡೀತಿರ್ಲಿಲ್ಲ, ಅದಕ್ಕೆ ಕೆಟ್ಟಿದೆ ಅಂತ ಸುಳ್ಳು ಹೇಳ್ದೆ."

ನಾನು ನಗತೊಡಗಿದೆ. ನಗು ಎಲ್ಲಿಂದ ಬಂತೋ, ನಿಲ್ಲಿಸಲು ಆಗಲಿಲ್ಲ. ನನ್ನ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಹೀಗೆಯೇ ಇರಬೇಕು. ಅವಳಿಗೆ ಎಲ್ಲವನ್ನೂ ಹೇಳಿದೆ. ಕತ್ತಲೆಗಾಗಿ ಕಾದದ್ದು, ಪಾಯಸದ ಸಂಪ್ರದಾಯ, ಡಬ್ಬಿಯಲ್ಲಿನ ಶಾವಿಗೆ, ಸೊಸೆಯ ಎದುರು ಬಾಯಿಬಿಡಬಾರದೆಂಬ ಕಟ್ಟುಪಾಡು. ನನ್ನ ಉಪ್ಪಿನ ಕಥೆಯನ್ನೂ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಅಳು ನಿಂತಿತು. ಕಣ್ಣು ಅಗಲವಾಯಿತು.

"ಇರಿ ಇರಿ. ಹಾಗಾದ್ರೆ ಆವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು?"

"ಬೇಕಂತಲೇ."

"ನನ್ನ ಲೋಟ?"

"ಅದೂ ಬೇಕಂತಲೇ."

"ನಮ್ಮಮ್ಮ ಕೊಟ್ಟಿದ್ದ ಲೋಟ ಅದು ಅತ್ತೆ!" ಎಂದು ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಆ ಸಾರು ಉಂಡು ಇಡೀ ದಿನ ನೀರು ಕುಡಿದಿದ್ದೀನಿ ನಾನು! ಬಾಯಿಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ಕಟ್ಟುಪಾಡಂತೆ, ಕಟ್ಟುಪಾಡು! ನಾನಿಲ್ಲಿ ಮಕ್ಕಳಿಗೆ ಬಿಸ್ಕತ್ತು ಕೊಟ್ಟು ಪಾಠಕ್ಕೆ ಕರೀತಿದ್ದೆ ಚಾರ್ಜ್ ಆಗ್ಲಿ ಅಂತ, ನೀವಲ್ಲಿ ನನ್ನ ಲೋಟ ಒಡೀತಾ ಕೂತಿದ್ರಾ?"

ಎಷ್ಟು ದಿನದಿಂದ ಕಾದಿದ್ದ ಬೈಗುಳ! ಮಳೆಯ ಹಾಗೆ ಸುರಿಯುತ್ತಿತ್ತು. ಆ ಜೋರಿಗೆ ಬಲ್ಬು ಆರಬೇಕಿತ್ತು, ಆದರೆ ಆರಲು ಅದು ಉರಿಯುತ್ತಲೇ ಇರಲಿಲ್ಲ. ನಾನು ನೆಲದ ಮೇಲೆ ಕೂತು ಮುಖ ಎತ್ತಿ ಕೇಳಿಸಿಕೊಂಡೆ. ಬೈದು ಸುಸ್ತಾಗಿ ಅವಳೂ ನಕ್ಕಳು.

"ಬೆಲ್ಲದ ಡಬ್ಬ ಎಲ್ಲಿದೆ ನೋಡು" ಎಂದೆ.

ಯಜಮಾನರು ಸೀರಿಯಲ್ಲಿನ ಹೊತ್ತಿಗೆ ಸರಿಯಾಗಿ ಬಂದರು. ಹೊಸಿಲಲ್ಲೇ ನಿಂತು ಒಳಗಿನ ಮಬ್ಬನ್ನು ನೋಡಿದರು, ತುಪ್ಪದಲ್ಲಿ ಹುರಿದ ದ್ರಾಕ್ಷಿಯ ವಾಸನೆ ಹಿಡಿದರು. ಅವರ ಮುಖ ಒಮ್ಮೆ ಅರಳಿತು, ಒಮ್ಮೆ ಬಾಡಿತು, ಮತ್ತೆ ಅರಳಿತು. "ಆ ಅವಳಿ ಮಕ್ಕಳು ಇವತ್ತೇ..." ಎಂದು ಶುರುಮಾಡಿದರು.

"ಮಾವ, ಸುಮ್ನೆ ಹೋಗಿ ಬೀದೀಲಿ ಎಲ್ರನ್ನೂ ಕರ್ಕೊಂಡು ಬನ್ನಿ" ಎಂದಳು ಇಂಚರ, ಒಳಗಿನಿಂದ, ಗಟ್ಟಿಯಾಗಿ.

ಅವರು ನನ್ನ ಮುಖ ನೋಡಿದರು. ಆಮೇಲೆ ಟವೆಲು ಹೆಗಲಿಗೆ ಹಾಕಿಕೊಂಡು ಹಿಂದೆ ಬಸ್ಸು ಹೊರಡಿಸುತ್ತಿದ್ದ ಧ್ವನಿಯಲ್ಲಿ ಬೀದಿಯುದ್ದಕ್ಕೂ ಕೂಗುತ್ತ ಹೋದರು. "ಪಾಯಸಾ! ಪಾಯಸಾ! ಬನ್ರಪ್ಪಾ ಬನ್ನಿ!"

ಸೂರ್ಯ ಮುಳುಗುವ ಹೊತ್ತಿಗೆ ಬಾಗಿಲ ಮುಂದೆ ಜನ ಸೇರಿದ್ದರು. ಬೋರಯ್ಯನವರು ಲೋಟ ಹಿಡಿದು, "ಅದಕ್ಕೇ ಹಾಗೆ ಕಾಫಿಗೆ ಕರೀತಿದ್ಯಾ ತಾಯಿ" ಎಂದು ತಲೆಯಾಡಿಸಿದರು. ಮಾದೇಶ ಬೈಕಿನಿಂದ ಇಳಿದವನು ಏನೆಂದು ತಿಳಿಯದೆ ಕಣ್ಣುಕಣ್ಣು ಬಿಟ್ಟ, ತಿಳಿದ ಮೇಲೆ ಪಾಯಸದ ಪಾತ್ರೆ ಹೊತ್ತು ಬಡಿಸಲು ನಿಂತ. ಜಯಶೀಲ ಎಲ್ಲರಿಗಿಂತ ಮುಂದೆ, ಹೊಸಿಲಿಗೆ ಹೆಬ್ಬೆರಳು ತಾಗಿಸಿಕೊಂಡು ನಿಂತಿದ್ದಳು. ವಿಷಯವೆಲ್ಲ ಕೇಳಿ ಬಾಯಿ ಮೇಲೆ ಕೈಯಿಟ್ಟಳು.

"ಬ್ಯಾಟರಿ ಇಟ್ಕೊಂಡಿದ್ರಾ! ಪಂಕಜಕ್ಕನ ಮನೇಲಿ!"

"ಹೌದು, ಇಟ್ಕೊಂಡಿದ್ವಿ" ಎಂದೆ, ಬಂಗಾರದ ಸರ ಮಾಡಿಸಿಕೊಂಡಿದ್ದೇವೆ ಎನ್ನುವ ಹಾಗೆ.

ಅವಳು ಲೋಟ ಎತ್ತಿ ಕುಡಿದು ತುಟಿ ಒರೆಸಿಕೊಂಡಳು. "ಅವರೆಕಾಯಿ ಕಾಲದ ಪಾಯಸಾನ ಮಾವಿನಕಾಯಿ ಕಾಲದಲ್ಲಿ ಕೊಡ್ತಾ ಇದ್ದೀರಿ. ಶಾವಿಗೆ ಮಾತ್ರ ಹುಳ ಹಿಡಿದಿಲ್ಲ, ಪುಣ್ಯ. ಇಂಚರಾ, ನಾಳೆಯಿಂದ ನಿನ್ನ ಕ್ಲಾಸು ನಮ್ಮನೇಲಿ. ನಮ್ಮ ಫ್ರಿಜ್ಜಿಗೂ ಒಂದಿಷ್ಟು ತಣ್ಣಗಾಗೋ ಯೋಗ ಬರ್ಲಿ."

"ಆಗ್ಲಿ ಜಯಶೀಲತ್ತೆ. ಸಾರಿಗೆ ಉಪ್ಪು ಮಾತ್ರ ಒಂದೇ ಸಲ ಹಾಕ್ಬೇಕು."

ಬೀದಿಯೆಲ್ಲ ನಕ್ಕಿತು. ಜಯಶೀಲ ಖಾಲಿ ಲೋಟವನ್ನು ಮಾದೇಶನ ಕೈಗೆ ಕೊಟ್ಟು ಒಳಗೆ ಇಣುಕಿದಳು. ಗ್ರೈಂಡರಿನಲ್ಲಿ ಅವಳ ಅಕ್ಕಿ ಅರ್ಧ ತರಿಯಾಗಿಯೇ ಕೂತಿತ್ತು. "ಸರಿ, ಪಾಯಸ ಆಯ್ತಲ್ಲ. ನಾನು ಒಳಗೆ ಬರ್ತೀನಿ, ಆ ಅಕ್ಕಿ ರುಬ್ಬಿ ಮುಗಿಸೋಣ" ಎಂದು ಒಂದು ಕಾಲು ಎತ್ತಿದಳು.

ಇಂಚರ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು. ಹೊರಗಿನ ಸಂಜೆಬೆಳಕಿಗೆ ಅವಳ ಕೆನ್ನೆಯ ಮೇಲೆ ಒಣಗಿದ ಅಕ್ಕಿಹಿಟ್ಟು ಬೆಳ್ಳಗೆ ಕಾಣುತ್ತಿತ್ತು.

"ಒಂದ್ ಸ್ವಲ್ಪ ಹೊತ್ತು ಅಲ್ಲೇ ನಿಂತಿರಿ ಜಯಶೀಲತ್ತೆ" ಎಂದಳು. "ನಮ್ಮನೇಲಿ ಇವತ್ತು ಕರೆಂಟಿಲ್ಲ."